ಅವ್ವ ಕೊಟ್ಟ ವಿಳಾಸ

ಪೋಲಿಯೊ ಹನಿ ಹಾಕುವ ಭಾನುವಾರವಾದ್ದರಿಂದ ಮಾಯಕ್ಕ ಬೆಳಿಗ್ಗೆಯೇ ಬೂತಿಗೆ ಹೋಗಿದ್ದಳು. ಅವಳು ಖಾನಾಪುರದ ಒಂದು ಅಂಗನವಾಡಿಯಲ್ಲಿ ಟೀಚರು. ಮಗಳು ಮನಿಷಾ ಮೊದಲು ತಿಳಿಸದೆ ಬೆಳಗಾವಿಯಿಂದ ಬಸ್ಸು ಹತ್ತಿ ಬಂದು, ಬಾಜೂ ಮನೆಯ ಕಾಕೂನ ಹತ್ತಿರ ಕೀಲಿ ಇಸಿದುಕೊಂಡು ಬಾಗಿಲು ತೆಗೆದಿದ್ದಳು. ಅವ್ವ ಬರುವಷ್ಟರಲ್ಲಿ ರೊಟ್ಟಿ ಬಡಿದಿಡೋಣವೆಂದು ಹಿಟ್ಟು ನಾದುತ್ತಿದ್ದಾಗ ಅಂಗಳದಲ್ಲಿ ಮೋಟರ್‌ ಸೈಕಲ್‌ ನಿಂತ ಸಪ್ಪಳವಾಯಿತು.

ಬಂದವನು ಠಾಣೆಯ ಹವಾಲ್ದಾರ ಉಳವಪ್ಪ. ವಯಸ್ಸಾದವನು, ಮೆತ್ತಗೆ ಮಾತಾಡುವವನು. ಮಾಯಕ್ಕ ಇಲ್ಲವೆಂದೂ, ಎದುರಿಗಿರುವವಳು ಅವಳ ಮಗಳೆಂದೂ ತಿಳಿದ ಮೇಲೆ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಬಂದ ಕೆಲಸ ಹೇಳಿದ. ಗುಂಜಿಯ ಲಕ್ಷ್ಮಣ ಎಂಬವನು ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿ ಹಿಂಡಲಗಾ ಜೈಲಿನಲ್ಲಿದ್ದಾನೆ. ಕೆಲವು ದಿನಗಳ ಪೆರೋಲಿಗೆ ಅರ್ಜಿ ಹಾಕಿದ್ದಾನೆ. ಹೊರಗೆ ಬಂದರೆ ಈ ಮನೆಯಲ್ಲಿ ಇರುತ್ತೇನೆಂದು ವಿಳಾಸ ಕೊಟ್ಟಿದ್ದಾನೆ. ಮನೆಯವರದಾಗಲಿ ಓಣಿಯವರದಾಗಲಿ ತಕರಾರು ಇದೆಯೋ ಹೇಗೆ ಎಂದು ವಿಚಾರಿಸಿ ಠಾಣೆಯಿಂದ ವರದಿ ಕಳಿಸಬೇಕು.

ಮನಿಷಾಗೆ ಆ ಹೆಸರು ಅಷ್ಟಿಷ್ಟು ನೆನಪಿತ್ತು. ನಂದಗಡದ ಸೋದರಮಾವ ಭರಮಣ್ಣ ಒಂದು ಹೊಡೆದಾಟದ ಕೇಸಿನಲ್ಲಿ ಸಿಕ್ಕಿಕೊಂಡು ಅದೇ ಜೈಲಿನಲ್ಲಿದ್ದ. ಅಲ್ಲಿಯೇ ಕಿಡ್ನಿ ಹೋಗಿ ತೀರಿಕೊಂಡ. ಕಡೆಯ ದಿನಗಳಲ್ಲಿ ಅವನನ್ನು ನೋಡಿಕೊಂಡ ಕೈದಿಯ ಹೆಸರು ಲಕ್ಷ್ಮಣ ಎಂದು ಅವ್ವ ಯಾವಾಗಲೋ ಹೇಳಿದ್ದಳು.

"ಅವರು ನಮ್ಮ ಮಾವನ ಗುರುತಿನವರು. ನಮ್ಮನಿಗ್ಯಾಕ ಬರ್ತಾರ್ರಿ?" ಎಂದು ಕೇಳಿದಳು.

ಉಳವಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಿನಗ ಗೊತ್ತಿಲ್ಲೇನವಾ? ನಿಮ್ಮವ್ವಾರು ಠಾಣೇಕ ಬಂದು ತಾವಽ ಹೇಳ್ಯಾರ. ಅಂವ ಬಿಡುಗಡೆ ಆದ ಮ್ಯಾಲ ಇಬ್ಬರೂ ಲಗ್ನ ಆಗೋರದೇವಿ ಅಂತ."

ಮನಿಷಾಳ ಕೈಗೆ ಮೆತ್ತಿದ ಹಿಟ್ಟು ಒಣಗಿ ಚರ್ಮ ಬಿಗಿಯುತ್ತಿತ್ತು. ಇವತ್ತೇ ಹೇಳಬೇಕೆಂದೇನಿಲ್ಲ, ಅವ್ವನ ಜೊತೆ ಮಾತಾಡಿ ತಿಳಿಸಿದರಾಯಿತು ಎಂದು ಉಳವಪ್ಪ ಎದ್ದ. ಹೋಗುವಾಗ ಅವಳ ಮುಖ ನೋಡಲು ಅವನಿಗೂ ಸಂಕೋಚವಾದಂತಿತ್ತು.

ಮನಿಷಾ ಆರನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಅಪ್ಪ ಬಂಡೆಪ್ಪ ಕಾಮಣಿ ರೋಗವಾಗಿ ತೀರಿಕೊಂಡಿದ್ದ. ಆಗ ಮಾಯಕ್ಕನಿಗೆ ಮೂವತ್ತೂ ತುಂಬಿರಲಿಲ್ಲ. ನಂದಗಡಕ್ಕೆ ಬಾ ಎಂದು ತವರಿನವರು ಕರೆದರೂ ಹೋಗದೆ, ಅಂಗನವಾಡಿ ಕೆಲಸ ಹಿಡಿದು, ಸಂಜೆಹೊತ್ತು ಓಣಿಯವರ ಜಂಪರ್‌ ಹೊಲಿದು ಮಗಳನ್ನು ಬಿ.ಕಾಂ. ಮಾಡಿಸಿದಳು. ಈಗ ಮನಿಷಾ ಬೆಳಗಾವಿಯ ಆಟೋ ನಗರದಲ್ಲಿ ಲಾರಿ ಬಿಡಿಭಾಗದ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಗಂಡ ಸಂಜಯ ಅಲ್ಲಿಯೇ ಒಂದು ವರ್ಕ್‌ಶಾಪಿನಲ್ಲಿ ಟರ್ನರ್‌. ಅವ್ವನ ಬಾಳಿನಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದೇ ಮನಿಷಾ ಅಂದುಕೊಂಡಿದ್ದಳು.

ಮಾಯಕ್ಕ ಬಂದಾಗ ಹೊತ್ತು ಇಳಿದಿತ್ತು. ಮಕ್ಕಳ ಕಿರುಬೆರಳಿಗೆ ಗುರುತು ಹಾಕಿ ಹಾಕಿ ಅವಳ ಬೆರಳುಗಳೂ ಕಪ್ಪಾಗಿದ್ದವು. ಮಗಳ ಚಪ್ಪಲಿ ನೋಡಿ ಹಿಗ್ಗಿ ಒಳಗೆ ಬಂದವಳು ಮುಖ ನೋಡಿ ನಿಂತಳು. ಹವಾಲ್ದಾರ ಬಂದಿದ್ದ ಎಂದು ಕೇಳಿದ್ದೇ ಹೊಸ್ತಿಲ ಹತ್ತಿರವೇ ಕುಳಿತುಬಿಟ್ಟಳು.

ಅಲ್ಲಿಂದಲೇ ಒಂದೊಂದೇ ಹೇಳಿದಳು. ಭರಮಣ್ಣ ಸತ್ತಾಗ ಬಂಧುಗಳೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು, ಅವನು ನಿದ್ದೆಯಲ್ಲಿದ್ದಂತೆ ಹೋದ, ತ್ರಾಸಾಗಲಿಲ್ಲ ಎಂದು. ಅವಳಿಗೆ ನಂಬಿಕೆಯಾಗಲಿಲ್ಲ. ಜೈಲಿನ ದವಾಖಾನೆಯಲ್ಲಿ ತಮ್ಮನಿಗೆ ಮೈ ತೊಳೆದು ಗಂಜಿ ಕುಡಿಸಿದವನನ್ನು ಒಮ್ಮೆ ಕೇಳಿ ಬರೋಣವೆಂದು ಮುಲಾಖತ್ತಿಗೆ ಹೋದಳು. ಲಕ್ಷ್ಮಣ ಸುಳ್ಳು ಹೇಳಲಿಲ್ಲ. ಭರಮಣ್ಣ ಅಂಜಿ ಅತ್ತ, ತನ್ನ ಅವ್ವನನ್ನು ಕರೆದ, ನನ್ನ ಕೈ ಬಿಡಲಿಲ್ಲ ಎಂದ. ತನ್ನ ಅಪರಾಧವನ್ನೂ ಅವತ್ತೇ ಹೇಳಿದ. ಅಣ್ಣನನ್ನು ಕೊಂದು ಬಂದವನು ನಾನು, ನಿಮ್ಮ ತಮ್ಮನಿಗೆ ನೀರು ಹಾಕಿದ್ದಕ್ಕೆ ನನ್ನನ್ನು ದೊಡ್ಡವನು ಮಾಡಬೇಡಿ ಎಂದ. ಆಮೇಲೆ ಅವಳು ಮತ್ತೆ ಹೋದಳು. ಹೋಗುತ್ತಲೇ ಇದ್ದಳು. ಮಗಳ ಮನೆಗೆಂದು ಬೆಳಗಾವಿಗೆ ಬಂದ ದಿನಗಳಲ್ಲಿ, ಮುಂಜಾನೆಯ ಬಸ್ಸಿಗೇ ಇಳಿದು ಮೊದಲು ಹಿಂಡಲಗಾಕ್ಕೆ ಹೋಗಿ ಬರುತ್ತಿದ್ದಳು.

"ಇಷ್ಟ ವರ್ಷದಾಗ ನೀ ಇವತ್ತೇನು ಮಾಡಿದಿ ಅಂತ ನನ್ನ ಕೇಳಿದವರು ಯಾರೂ ಇದ್ದಿಲ್ಲ," ಎಂದಳು ಮಾಯಕ್ಕ. "ಅಂವ ಕೇಳ್ತಾನ. ಯಾವ ಹುಡುಗ ಅತ್ತ, ಯಾವ ಹುಡುಗಿ ಉಪ್ಪಿಟ್ಟು ಒಲ್ಲೆ ಅಂದ್ಲು, ಎಲ್ಲಾ."

"ನಾ ದಿನಾ ಫೋನ್‌ ಮಾಡಂಗಿಲ್ಲೇನವ್ವ?"

"ಮಾಡ್ತಿ. ಉಂಡೇನು ಅಂತ ಕೇಳ್ತಿ."

ಈ ಮಾತು ಮನಿಷಾಳ ಎದೆಗೆ ನಾಟಿತು. ನಾಟಿದ್ದಕ್ಕೇ ಸಿಟ್ಟು ಬಂತು. ಕೊಲೆಗಡುಕನನ್ನು ಮನೆಯೊಳಗೆ ಇಟ್ಟುಕೊಂಡರೆ ಓಣಿಯವರು ಅಂಗನವಾಡಿಗೆ ಮಕ್ಕಳನ್ನು ಕಳಿಸುತ್ತಾರೇನು, ನಮ್ಮ ಅತ್ತೆಮನೆಯವರ ಮುಂದೆ ನಾನು ಹೇಗೆ ತಲೆ ಎತ್ತಲಿ ಎಂದೆಲ್ಲ ಕೇಳಿದಳು. ಅಪ್ಪನ ಫೋಟೋ ತೋರಿಸಿ ಒಂದು ಮಾತು ಅಂದಳು. ಅಂದ ಮೇಲೆ ಅವಳಿಗೇ ಅದು ಹೆಚ್ಚಾಯಿತೆನಿಸಿತು. ಬಡಿದ ರೊಟ್ಟಿ ಹಾಗೆಯೇ ಉಳಿದವು. ಮನಿಷಾ ಸಂಜೆಯ ಬಸ್ಸಿಗೆ ತಿರುಗಿ ಹೋದಳು.

ಸಂಜಯ ಎಲ್ಲ ಕೇಳಿದ. ಮಂದಿ ಏನನ್ನುತ್ತಾರೆ ಅನ್ನುವುದು ಆಮೇಲಿನ ಮಾತು, ಆ ಮನುಷ್ಯ ಎಂಥವನು ಅನ್ನುವುದನ್ನು ಮೊದಲು ತಿಳಿದುಕೋ ಎಂದ. ಅದು ಅವಳಿಗೂ ಸರಿ ಕಂಡಿತು. ವಾರದ ನಡುವೆ ರಜೆ ಹಾಕಿ ರೈಲು ಹತ್ತಿ ಗುಂಜಿಗೆ ಹೋದಳು. ಸ್ಟೇಷನ್ನಿನಲ್ಲಿ ಲಕ್ಷ್ಮಣನ ಮನೆ ಕೇಳಿದ ಕೂಡಲೆ ಒಬ್ಬ ಮುದುಕ ಮರಾಠಿಯಲ್ಲಿ ದಾರಿ ಹೇಳಿದ. ಅಡವಿಯ ಅಂಚಿಗೆ, ಗೋಡಂಬಿ ಗಿಡಗಳ ನಡುವೆ ಆ ಮನೆ. ಲಕ್ಷ್ಮಣನ ಕೈಯಲ್ಲಿ ಸತ್ತವನ ಹೆಂಡತಿ ನಿಂಗವ್ವ ಅಂಗಳದಲ್ಲಿ ಕುಳಿತು ಹಣ್ಣಿನಿಂದ ಗೋಡಂಬಿ ಬೀಜ ತಿರುವಿ ಬುಟ್ಟಿಗೆ ಹಾಕುತ್ತಿದ್ದಳು. ಹಣ್ಣಿನ ಹುಳಿವಾಸನೆ ಅಂಗಳವೆಲ್ಲ ತುಂಬಿತ್ತು.

ಬಂದವಳು ಯಾರೆಂದು ತಿಳಿದ ಮೇಲೆ ನಿಂಗವ್ವ ಅಟ್ಟಲಿಲ್ಲ, ಬಯ್ಯಲಿಲ್ಲ. ಕುಂದರ್ರಿ ಎಂದು ಚೀಲ ಹಾಸಿ, ನಡೆದದ್ದು ಹೇಳಿದಳು. ಲಕ್ಷ್ಮಣನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಜೊತೆ ಹೋದಳು, ಆಮೇಲೆ ಅವನು ಮದುವೆಯ ಮಾತೆತ್ತಲಿಲ್ಲ, ಅಣ್ಣನ ಮನೆಯಲ್ಲಿಯೇ ಉಳಿದ. ಅಣ್ಣ ಗೋಡಂಬಿ ತೋಟ ಮಾರಬೇಕೆಂದ, ತಮ್ಮ ಬೇಡವೆಂದ. ತಿಂಗಳುಗಟ್ಟಲೆ ಮಾತು ನಡೆದಿತ್ತು, ಜಗಳವೆನ್ನುವಂಥದ್ದೇನೂ ಆಗಿರಲಿಲ್ಲ. ಒಂದು ದಿನ ಇಬ್ಬರೂ ಬೇಲಿ ಕಡಿಯಲು ಹೋದರು. ಲಕ್ಷ್ಮಣನ ಕೈಯಲ್ಲಿ ಕೊಯ್ತಾ ಕತ್ತಿ ಇತ್ತು. ಬೀಸಿದ್ದು ಒಂದೇ ಏಟು. ಅಲ್ಲಿಂದ ತಾನೇ ನಡೆದು ಠಾಣೆಗೆ ಹೋಗಿದ್ದ.

"ನನ್ನ ಕೈಲೆ ಉಂಡು ಬೆಳದಾಂವ," ಎಂದಳು ನಿಂಗವ್ವ. "ಒಂದಿನಾ ದನಿ ಎತ್ತಿ ಮಾತಾಡಿದಾಂವಲ್ಲ. ಜೋರು ಇದ್ದಾಂವ ನನ್ನ ಗಂಡ. ಇಂವ ಕೆಟ್ಟ ಮನಶ್ಯಾ ಆಗಿದ್ರ ನಾವು ಹುಷಾರಿಂದ ಇರ್ತಿದ್ದಿವಿ. ಒಳ್ಳೇಂವ ಇದ್ದ. ಅದಕ್ಕಽ ನನಗ ಇನ್ನೂ ಅಂಜಿಕಿ."

ಮನಿಷಾ ಏಳುವಾಗ ನಿಂಗವ್ವ ಬುಟ್ಟಿಯ ಕಡೆಗೆ ನೋಡುತ್ತ, ಬಹಳ ಸೊರಗಿದ್ದಾನೇನು ಎಂದು ಕೇಳಿದಳು. ನಾನು ಇನ್ನೂ ಅವರ ಮುಖ ನೋಡಿಲ್ಲ ಎಂದು ಮನಿಷಾ ಹೇಳಿದಳು.

ವಾಪಸು ಬರುವ ರೈಲಿನಲ್ಲಿ ಅವಳಿಗೆ ಅವ್ವನ ಸಣ್ಣ ಅಡುಗೆಮನೆ, ಒಂದೇ ಬಾಗಿಲು, ಬೇಗ ಮಲಗುವ ಓಣಿ ಇವೇ ಕಣ್ಣಿಗೆ ಕಟ್ಟಿದವು. ಖಾನಾಪುರದಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರ ಠಾಣೆಗೆ ಹೋಗಿ ಉಳವಪ್ಪನನ್ನು ಕಂಡು, ಮಗಳಾಗಿ ನನ್ನ ತಕರಾರು ಇದೆ ಎಂದು ಹೇಳಿದಳು. ಅವ್ವನಿಗೆ ತಿಳಿಸಿದ್ದೀಯೇನು ಎಂದು ಅವನು ಕೇಳಿದ. ಇಲ್ಲ ಎಂದಳು. ಅವನು ಮತ್ತೇನೂ ಕೇಳದೆ ಬರೆದುಕೊಂಡ.

ಪೆರೋಲ್‌ ಸಿಗಲಿಲ್ಲ. ಸುದ್ದಿ ತಿಳಿದ ಮಾಯಕ್ಕ ಒಂದು ಮಧ್ಯಾಹ್ನ ಆಟೋ ನಗರಕ್ಕೇ ಬಂದಳು. ಅಂಗಡಿಯ ಹೊರಗೆ, ಬಿಚ್ಚಿಟ್ಟ ಲಾರಿಯೊಂದರ ನೆರಳಿನಲ್ಲಿ ನಿಂತಿದ್ದಳು. ಬಾಜುವಿನ ಶೆಡ್ಡಿನಲ್ಲಿ ತಗಡು ಬಡಿಯುವ ಸದ್ದಿಗೆ ಮಾತು ಕೇಳಿಸುವಂತಿರಲಿಲ್ಲ. ಸದ್ದು ನಿಂತಾಗ ಕೇಳಿದಳು.

"ನೀನಽ ಹೇಳಿದೇನು?"

"ಹೂಂ."

"ನಿನ್ನ ಕೇಳದ ನಾ ಠಾಣೇಕ ಹೋದೆ. ನನ್ನ ಕೇಳದ ನೀನೂ ಹೋದಿ. ನನ್ನಿಂದಽ ಸುರು ಆತು ಬಿಡು."

ಬಯ್ದಿದ್ದರೆ ಮನಿಷಾ ತಡೆದುಕೊಳ್ಳುತ್ತಿದ್ದಳು. ಮಾಯಕ್ಕ ಅಷ್ಟೇ ಹೇಳಿ, ಚಹಾ ಬೇಡವೆಂದು, ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಲ್ಲಿ ಬಸ್‌ಸ್ಟಾಪಿನ ಕಡೆ ನಡೆದಳು. ಅಂದಿನಿಂದ ಮಗಳು ಫೋನು ಮಾಡಿದರೆ, ಅವಳು ಬಾಯಿ ತೆರೆಯುವ ಮೊದಲೇ "ಉಂಡೀನಿ" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಪಂಚಮಿಗೆ ಕರೆದರೂ ಬರಲಿಲ್ಲ, ಉಂಡಿ ಮಾತ್ರ ಯಾರ ಕೈಯಲ್ಲೋ ಕಳಿಸಿಕೊಟ್ಟಳು. ಆ ಡಬ್ಬಿ ತೆಗೆದ ದಿನ ಮನಿಷಾ ಅಡುಗೆಮನೆಯಲ್ಲಿ ಕುಳಿತು ಬಹಳ ಅತ್ತಳು. ಸಂಜಯ ಸಮಾಧಾನ ಮಾಡಲು ಬಂದು, ಒಂದು ಉಂಡಿ ತೆಗೆದುಕೊಂಡು ಹೊರಗೆ ಹೋದ.

ಮಳೆ ಕಡಿಮೆಯಾದ ಮೇಲೆ ಅವಳು ಹಿಂಡಲಗಾಕ್ಕೆ ಹೋದಳು. ಯಾರಿಗೂ ಹೇಳಲಿಲ್ಲ. ಹೆಸರು ಕೊಟ್ಟು, ಚೀಟಿ ಪಡೆದು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ಹೆಣ್ಣುಮಕ್ಕಳ ನಡುವೆ ಸರದಿಯಲ್ಲಿ ಕುಳಿತಳು. ಅವ್ವ ಇಷ್ಟು ಸಲ ಇದೇ ಬೆಂಚಿನ ಮೇಲೆ ಕುಳಿತಿದ್ದಾಳೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಜಾಳಿಗೆಯ ಆಚೆ ಬಂದು ನಿಂತವನು ಗಿಡ್ಡ ಮನುಷ್ಯ, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳ ಹೆಸರು ಹೇಳಿ ಕರೆಸಿದ್ದರಿಂದ ಯಾರೆಂದು ಅವನಿಗೆ ಗೊತ್ತಿತ್ತು. ಕೈ ಮುಗಿದ. ಅವ್ವನಿಗೆ ಆರಾಮಿಲ್ಲವೇನೋ ಎಂದು ಗಾಬರಿಯಾಗಿದ್ದ. ಹಾಗೇನಿಲ್ಲವೆಂದು ತಿಳಿದ ಮೇಲೂ ಪೆರೋಲಿನ ಸುದ್ದಿ ತೆಗೆಯಲಿಲ್ಲ. ತಾನು ಗುಂಜಿಗೆ ಹೋಗಿದ್ದೆ, ನಿಂಗವ್ವನನ್ನು ಕಂಡೆ ಎಂದು ಮನಿಷಾ ಹೇಳಿದಾಗ ಅವನು ಜಾಳಿಗೆ ಹಿಡಿದುಕೊಂಡ. ಅತ್ತಿಗೆಯನ್ನು ವೈನಿ ಎಂದೇ ಕರೆದು, ಹೇಗಿದ್ದಾಳೆ ಎಂದು ಕೇಳಿದ.

ಆ ಕಡೆ ಈ ಕಡೆ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ಮನಿಷಾ ಕೂಡ ದನಿ ಎತ್ತಬೇಕಾಯಿತು.

"ನಾಳೆ ನಮ್ಮವ್ವನ ಮ್ಯಾಲ ಸಿಟ್ಟು ಬಂದ್ರ ಏನು ಮಾಡ್ತೀರಿ?"

"ಬರಂಗಿಲ್ಲ ಅಂತ ನಾ ಹೇಳಿದ್ರ ನೀ ನಂಬಬ್ಯಾಡವಾ," ಎಂದ. "ನನಗ ಸಿಟ್ಟಽ ಬರಂಗಿಲ್ಲ ಅಂತ ಅವತ್ತಿನ ತನಕಾ ನಾನೂ ತಿಳಕೊಂಡಿದ್ದೆ."

ಹೊರಗೆ ಬಂದು ರಸ್ತೆಯ ಬದಿಗೆ ನಿಂತಾಗ ಅವಳಿಗೆ ಹಗುರವೇನೂ ಆಗಲಿಲ್ಲ. ಅವನು ಕಣ್ಣೀರು ಹಾಕಿ ಆಣೆ ಮಾಡಿದ್ದರೆ ಸುಳ್ಳುಗಾರ ಎಂದು ತೀರ್ಮಾನಿಸಿ ಕೈತೊಳೆದುಕೊಳ್ಳಬಹುದಿತ್ತು. ಅವನು ಅದಕ್ಕೂ ದಾರಿ ಬಿಡಲಿಲ್ಲ. ಅವ್ವ ಮೊದಲ ಸಲ ಹೋಗಿ ಬಂದಾಗ ಅವಳಿಗೂ ಹೀಗೇ ಆಗಿರಬೇಕು ಅನ್ನಿಸಿತು. ಹಿಂಡಲಗಾದಿಂದ ಹೊರಟವಳು ಬೆಳಗಾವಿಯಲ್ಲಿ ಬಸ್ಸು ಬದಲಿಸಿ ಸೀದಾ ಖಾನಾಪುರಕ್ಕೆ ಹೋದಳು. ಅಂಗನವಾಡಿ ಬಿಡುವ ಹೊತ್ತು. ಮಾಯಕ್ಕ ಚಾಪೆ ಸುತ್ತುತ್ತಿದ್ದಳು. ಎಲ್ಲಿಗೆ ಹೋಗಿದ್ದೆನೆಂದು ಮಗಳು ಹೇಳಿದಳು. ಮಾಯಕ್ಕ ಚಾಪೆ ಗೋಡೆಗೆ ಒರಗಿಸಿ, ಮಗಳ ಎರಡೂ ಕೈ ಹಿಡಿದುಕೊಂಡು ಹಾಗೇ ನಿಂತಳು.

ಅವನು ಮತ್ತೊಮ್ಮೆ ಅರ್ಜಿ ಹಾಕಲೇನು ಎಂದು ಈ ಸಲ ಮಾಯಕ್ಕ ಮೊದಲು ಮಗಳನ್ನು ಕೇಳಿದಳು. ಮನಿಷಾ ಒಂದು ದಿನ ವಿಚಾರ ಮಾಡಿ, ಬರಲಿ, ಆದರೆ ಅವರು ಇರುವಷ್ಟು ದಿನ ನಾನೂ ಆ ಮನೆಯಲ್ಲಿರುತ್ತೇನೆ ಎಂದಳು. ಸಂಜಯನೂ ಸಂಜೆಯ ಬಸ್ಸಿಗೆ ಬಂದು ಮುಂಜಾನೆ ಹೋಗುತ್ತೇನೆಂದ. ಉಳವಪ್ಪ ಮತ್ತೆ ವಿಚಾರಣೆಗೆ ಬಂದ. ಓಣಿಯಲ್ಲಿ ಕೆಲವರು ಗೊಣಗಿದರೂ ಯಾರೂ ತಕರಾರು ಬರೆಸಲಿಲ್ಲ. ದೀಪಾವಳಿ ಮುಗಿದ ಮೇಲೆ ಲಕ್ಷ್ಮಣ ಒಂದು ಕೈಚೀಲ ಹಿಡಿದು ಆ ಮನೆಯ ಬಾಗಿಲಿಗೆ ಬಂದ. ಯಾರಾದರೂ ಒಳಗೆ ಬಾ ಎನ್ನುವ ತನಕ ಹೊರಗೇ ನಿಂತಿದ್ದ.

ಅವನಿಗೆ ಪಡಸಾಲೆಯಲ್ಲಿ ಹಾಸಿಗೆ. ಅವ್ವ ಮಗಳು ಒಳಕೋಣೆಯಲ್ಲಿ. ಅವನು ನಸುಕಿನಲ್ಲೇ ಎದ್ದು ಹಾಸಿಗೆ ಮಡಚಿ, ಅದರ ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತಿದ್ದ. ಕುಳಿತುಕೊಳ್ಳಿ ಎಂದು ಮಾಯಕ್ಕ ನಕ್ಕರೆ ನಾಚಿ ಕುಳಿತುಕೊಳ್ಳುತ್ತಿದ್ದ. ಠಾಣೆಗೆ ಹೋಗಿ ಸಹಿ ಮಾಡುವುದು ಬಿಟ್ಟರೆ ಹೊರಗೆ ಕಾಲಿಡುತ್ತಿರಲಿಲ್ಲ. ಮಾಯಕ್ಕ ಅವನಿಗೆ ಬಳ್ಳೊಳ್ಳಿ ಬಿಡಿಸಲು ಕೊಟ್ಟು ಎದುರಿಗೆ ಕುಳಿತು ಹರಟುತ್ತಿದ್ದಳು. ಅವಳ ದನಿ ಬೇರೆಯೇ ಆಗಿತ್ತು. ಅಪ್ಪ ಇದ್ದಾಗಲೂ ಅವ್ವ ಹೀಗೆ ಮಾತಾಡುತ್ತಿದ್ದಳೇ ಎಂದು ಮನಿಷಾ ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಅವರಿಬ್ಬರ ನಗು ಕೇಳಿದಾಗಲೆಲ್ಲ ಅವಳಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತಿತ್ತು, ಹೋಗಲು ಧೈರ್ಯವೂ ಇರುತ್ತಿರಲಿಲ್ಲ.

ಆ ದಿನಗಳಲ್ಲಿ ಅಂಗನವಾಡಿಗೆ ಮಕ್ಕಳು ಬರುವುದು ಕಡಿಮೆಯಾಯಿತು. ಮಾಯಕ್ಕ ಬಂದ ನಾಲ್ಕು ಮಕ್ಕಳಿಗೇ ಹಾಡು ಹೇಳಿಸಿ, ಉಳಿದ ಉಪ್ಪಿಟ್ಟನ್ನು ಮುಚ್ಚಿಟ್ಟು ಬರುತ್ತಿದ್ದಳು. ಒಂದು ಸಂಜೆ ಓಣಿಯ ಗಂಡಸರು ಕೆಲವರು ಅಂಗಳಕ್ಕೇ ಬಂದರು. ಸಂಜಯ ಇನ್ನೂ ಬಂದಿರಲಿಲ್ಲ. ಅವರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾಯಕ್ಕನಿಗೆ ಬುದ್ಧಿ ಹೇಳತೊಡಗಿದರು. ಈ ವಯಸ್ಸಿನಲ್ಲಿ ಇದೇನು ಎಂದರು. ಆಮೇಲೆ ಅವರಲ್ಲೊಬ್ಬ ಅವಳ ಬಗ್ಗೆ ಹೊಲಸು ಮಾತೊಂದು ಅಂದ.

ಮನಿಷಾ ಬಾಗಿಲಲ್ಲಿದ್ದಳು. ಆ ಮಾತು ಬಿದ್ದ ಕೂಡಲೆ ಅವಳು ತಿರುಗಿದ್ದು ಲಕ್ಷ್ಮಣನ ಕಡೆಗೆ. ಅವನು ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದ. ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿ ಹಿಡಿದು, ಅವುಗಳ ಮೇಲೆ ತನ್ನ ಇಡೀ ಭಾರ ಹಾಕಿದ್ದ. ಕಣ್ಣು ನೆಲದ ಮೇಲಿತ್ತು. ಅವಳಿಗೆ ಅವನ ಭಯ ಹಿಡಿಯಿತು. ಮರುಗಳಿಗೆಯೇ ಅವನೂ ತನ್ನಷ್ಟೇ ಅಂಜಿದ್ದಾನೆ, ಅದೂ ತನ್ನ ಕೈಗಳಿಗೇ ಅಂಜಿದ್ದಾನೆ ಎಂದು ತಿಳಿಯಿತು.

ಹೊರಗೆ ಮಾಯಕ್ಕ ಮಾತ್ರ ನಿಂತ ಜಾಗ ಬಿಟ್ಟು ಕದಲಲಿಲ್ಲ. "ನಿಮ್ಮ ಮಕ್ಕಳನ್ನ ನಾ ಆಡಿಸಿ ಬೆಳಸೀನಿ," ಎಂದಳು. "ಅವರಿಗೇನರೆ ಆಗಿದ್ರ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಆಗಿಲ್ಲಂದ್ರ ಮನಿಗೆ ಹೋಗ್ರಿ."

ಬಾಜೂ ಮನೆಯ ಕಾಕೂ ಹೊರಗೆ ಬಂದು, ಹೊಲಸು ಮಾತಾಡಿದವನನ್ನು ಹೆಸರು ಹಿಡಿದು ಬಯ್ದಳು. ಒಬ್ಬೊಬ್ಬರೇ ಸರಿದು ಹೋದರು. ಮಾಯಕ್ಕ ಒಳಗೆ ಬಂದು ಒಲೆ ಹೊತ್ತಿಸಿದಳು, ಕಡ್ಡಿ ಎರಡು ಸಲ ಆರಿತು. ಲಕ್ಷ್ಮಣ ಬಹಳ ಹೊತ್ತು ಮೂಲೆ ಬಿಟ್ಟು ಏಳಲಿಲ್ಲ. ನಾನು ನಾಳೆಯೇ ವಾಪಸು ಹೋಗುತ್ತೇನೆ ಎಂದ. ಹೋಗುವ ದಿನಕ್ಕೇ ಹೋಗಬೇಕು ಎಂದು ಮಾಯಕ್ಕ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಮನಿಷಾ ಅವನ ಮುಂದೆ ನೀರಿನ ತಂಬಿಗೆ ಇಟ್ಟಳು. ಆ ಮನೆಯಲ್ಲಿ ಅವಳು ತಾನಾಗಿ ಅವನಿಗೆ ಕೊಟ್ಟದ್ದು ಅದೇ ಮೊದಲು.

ಅವಧಿ ಮುಗಿದ ದಿನ ಮೂವರೂ ಬಸ್‌ಸ್ಟ್ಯಾಂಡಿಗೆ ನಡೆದರು. ಬೆಳಗಾವಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾಯಕ್ಕ ಬಾಳೆಹಣ್ಣು ತರಲು ಹೋದಾಗ ಲಕ್ಷ್ಮಣ ಮನಿಷಾಳ ಕಡೆ ನೋಡದೆ ಮಾತಾಡಿದ.

"ನೀ ಕಾವಲಿ ಇದ್ದಿ ಅಂತ ನನಗ ನಿದ್ದಿ ಬಂತವಾ. ಇಲ್ಲಂದ್ರ ಈ ಮನ್ಯಾಗ ನಾ ಮಲಗ್ತಿದ್ದಿಲ್ಲ."

ಬಸ್ಸು ಬಂತು. ಅವನು ಹತ್ತಿದ. ಕಿಟಕಿಯ ಹತ್ತಿರ ಹೋಗಿ ಮಾಯಕ್ಕ ಹಣ್ಣಿನ ಚೀಲ ಕೊಟ್ಟಳು, ಬಸ್ಸು ತಿರುವು ದಾಟುವ ತನಕ ಸೆರಗಿನಿಂದ ಬಿಸಿಲು ಮರೆ ಮಾಡಿಕೊಂಡು ನಿಂತಳು.

ಅಂಗನವಾಡಿಗೆ ಮಕ್ಕಳು ಬರಬರುತ್ತ ತಿರುಗಿ ಬಂದರು. ಎರಡು ಮನೆಯವರು ಮಾತ್ರ ಬೇರೆ ಕಡೆ ಹಾಕಿದರು. ಅವರು ದಾರಿಯಲ್ಲಿ ಎದುರಾದರೆ ಮಾಯಕ್ಕ ಈಗಲೂ ಮೊದಲು ಮಾತಾಡಿಸುತ್ತಾಳೆ, ಅವರು ಉತ್ತರ ಕೊಡುವುದಿಲ್ಲ. ಲಕ್ಷ್ಮಣನ ಬಿಡುಗಡೆಗೆ ಇನ್ನೂ ವರ್ಷಗಳಿವೆ. ಲಗ್ನಕ್ಕೆ ಮನಿಷಾ ಹೂಂ ಎಂದಿಲ್ಲ, ಮಾಯಕ್ಕ ಒತ್ತಾಯ ಮಾಡಿಲ್ಲ. ಅವನು ಹೋದ ದಿನ, ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯಲ್ಲಿ, ಮುಂದಿನ ಸಲವೂ ಬಂದಿರುತ್ತೀಯೇನು ಎಂದು ಅವಳು ಮಗಳನ್ನು ಕೇಳಿದ್ದಳು.

"ಇರ್ತೀನಿ," ಎಂದಳು ಮನಿಷಾ. "ಆದ್ರ ನನಗ ಅಂಜಿಕಿ ಹೋಗಿಲ್ಲವ್ವ."

"ಅವಂಗೂ ಹೋಗಿಲ್ಲ," ಎಂದು ಮಾಯಕ್ಕ ಚಪ್ಪಲಿಯ ಮಣ್ಣು ಕೊಡವಿ ಬಾಗಿಲು ತೆಗೆದಳು.